ಸೀಗೆಕಟ್ಟೆಯ ಮೇಲೆ ನಾನು ಕೂರಿಸಿದ ಮೋಡ

ಹೋದ ತಿಂಗಳು ಒಂದು ಕಾಲೇಜಿನವರು ಪ್ರಕೃತಿ ಛಾಯಾಚಿತ್ರ ಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ಶಾಲು ಹೊದಿಸುವ ಮೊದಲೇ ಜಗಳ ಆಡಿಕೊಂಡು ಮನೆಗೆ ಬಂದುಬಿಟ್ಟೆ. ಮೊದಲ ಬಹುಮಾನಕ್ಕೆ ಉಳಿದ ಇಬ್ಬರು ತೀರ್ಪುಗಾರರು ಆರಿಸಿದ್ದ ಚಿತ್ರದಲ್ಲಿ ಗುಲ್‌ಮೊಹರ್ ಮರವೊಂದು ಮೈತುಂಬ ಹೂ ಬಿಟ್ಟು ನಿಂತಿತ್ತು. ಅದರ ಹಿಂದೆ ಆಷಾಢದ ಕಪ್ಪು ಮೋಡ ಕವಿದಿತ್ತು. ಆದರೆ ನೆಲದ ಮೇಲೆ ಬಿದ್ದಿದ್ದ ಮರದ ನೆರಳು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಚೂಪಾಗಿತ್ತು. ಅಷ್ಟು ಮೋಡವಿದ್ದರೆ ಅಂಥ ನೆರಳು ಎಲ್ಲಿಂದ ಬರಬೇಕು? ಚಿತ್ರ ತೆಗೆದ ಹುಡುಗಿಯನ್ನು ಕರೆಸಿ ಕೇಳಿದೆ.

“ಮೇ ತಿಂಗಳು ಸಾರ್, ಮಧ್ಯಾಹ್ನ. ಆಕಾಶ ಬೆಳ್ಳಗೆ ಸಪ್ಪೆಯಾಗಿತ್ತು. ಫೋನಲ್ಲೇ ಚೇಂಜ್ ಮಾಡ್ಬಿಟ್ಟೆ.”

“ಚೇಂಜ್ ಮಾಡೋಕೆ ಆಕಾಶ ಏನು ದಿಂಬಿನ ಚೀಲಾನಾ?” ಎಂದೆ. ನನ್ನ ದನಿ ಸಭಾಂಗಣದ ಕೊನೆಯವರೆಗೂ ಹೋಯಿತು.

ಹುಡುಗಿ ಹೆದರಲಿಲ್ಲ. “ಅದ್ರಲ್ಲಿ ತಪ್ಪೇನು ಸಾರ್? ಮರ ನಿಜಾನೇ ಅಲ್ವಾ?” ಎಂದಳು.

ನಾನು ಎದ್ದು ಬಂದದ್ದು ಆ ಮಾತಿಗೆ. ಅದೇ ಮಾತನ್ನು ನಾನೂ ಒಮ್ಮೆ, ಒಬ್ಬ ಅಧಿಕಾರಿಯ ಮೇಜಿನ ಮುಂದೆ ನಿಂತು, ಹೆಚ್ಚುಕಡಿಮೆ ಹಾಗೆಯೇ ಆಡಿದ್ದೆ. ಅದರಿಂದ ಏನಾಯಿತೆಂದು ಆ ಹುಡುಗಿಗೆ ಅಲ್ಲೇ ಹೇಳಬೇಕಿತ್ತು. ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಬೇರೆ. ಆದ್ದರಿಂದ ಈಗ ಬರೆಯುತ್ತಿದ್ದೇನೆ. ಕ್ಯಾಮರಾ ಹೆಗಲಿಗೆ ಹಾಕಿಕೊಂಡು ಈ ಕೆಲಸಕ್ಕೆ ಬರುವ ಎಲ್ಲರೂ ಓದಲಿ, ಬೇಸರವಾದರೂ ಓದಲಿ.

ನಾನು ಸರ್ಕಾರದ ಒಂದು ಇಲಾಖೆಯಲ್ಲಿ ಛಾಯಾಗ್ರಾಹಕನಾಗಿದ್ದೆ. ಮೈಸೂರಿನ ಸುತ್ತಮುತ್ತಲಿನ ಬೆಟ್ಟ, ಕೆರೆ, ಸಾಲುಮರಗಳನ್ನು ಎಲ್ಲ ಕಾಲದಲ್ಲೂ ತೆಗೆದು ತಂದುಕೊಡುವುದು ನನ್ನ ಕೆಲಸ. ಅವು ಪ್ರವಾಸಿಗರಿಗೆ ಹಂಚುವ ಇಲಾಖೆಯ ಮಡಿಕೆ ಪತ್ರಗಳಿಗೆ, ಕ್ಯಾಲೆಂಡರಿಗೆ, ಅತಿಥಿಗೃಹದ ಗೋಡೆಗೆ ಹೋಗುತ್ತಿದ್ದವು. ಜನ ಇದನ್ನು ಮಜದ ಕೆಲಸ ಎಂದುಕೊಂಡಿದ್ದರು. ನನ್ನ ಸ್ವಂತ ಭಾವನೇ ಒಮ್ಮೆ, “ನಿಂಗೇನಪ್ಪ, ಸಂಬಳ ತಗೊಂಡು ಗಾಳಿ ಕುಡ್ಕೊಂಡು ತಿರುಗ್ತೀಯ” ಎಂದಿದ್ದ. ಗಾಳಿ ಕುಡಿದದ್ದು ನಿಜ. ಅದರ ಜೊತೆಗೆ ಧೂಳು, ಮಳೆ, ಬೀದಿನಾಯಿಗಳ ಕಾಟ ಮತ್ತು ಮೇಲಧಿಕಾರಿಗಳ ಮಾತು.

ಈ ಕೆಲಸದಲ್ಲಿ ನೂರಕ್ಕೆ ತೊಂಬತ್ತು ಪಾಲು ಕಾಯುವುದೇ. ಮಾರ್ಚಿನಲ್ಲಿ ಬೆಟ್ಟ ಧೂಳಿನ ಹಿಂದೆ ಕಾಣುವುದೇ ಇಲ್ಲ. ಏಪ್ರಿಲಿನಲ್ಲಿ ಒಂದು ಹದ ಮಳೆ ಬಿದ್ದು ಗಾಳಿ ತೊಳೆದುಹೋದರೆ, ಮರುದಿನ ಬೆಳಗ್ಗೆ ಒಂದೆರಡು ಗಂಟೆ ಎಲ್ಲವೂ ಕೈಗೆ ಸಿಗುವಷ್ಟು ಹತ್ತಿರ. ಆಷಾಢದಲ್ಲಿ ಜಿಟಿಜಿಟಿ, ಬೆಳಕೆಲ್ಲ ಒಂದೇ ಸಮ, ನೆರಳೇ ಇಲ್ಲ. ಮಳೆಯೆಲ್ಲ ಮುಗಿದು ಕಾರ್ತಿಕ ಬಂದಾಗ ಕೆರೆಕಟ್ಟೆಗಳು ತುಂಬಿರುತ್ತವೆ, ಆಕಾಶ ಮಾತ್ರ ಖಾಲಿ. ಈ ಕೊನೆಯ ಸಂಗತಿಯನ್ನು ಗಮನವಿಟ್ಟು ಓದಿ. ನೀರು ಅತಿ ಹೆಚ್ಚು ಇರುವ ದಿನಗಳಲ್ಲಿ ಮೋಡ ಇರುವುದಿಲ್ಲ. ನನ್ನ ಗ್ರಹಚಾರ ಶುರುವಾದದ್ದು ಅಲ್ಲಿಂದಲೇ.

ಅದಕ್ಕೂ ಮೊದಲು ಒಂದು ಪೆದ್ದುತನ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ಚಳಿಗಾಲ. ಚಾಮುಂಡಿಬೆಟ್ಟದ ಮೆಟ್ಟಿಲಿನಿಂದ ಕೆಳಗೆ ಊರು ಮಂಜಿನಲ್ಲಿ ಮುಳುಗಿದ ಚಿತ್ರ ಬೇಕೆಂದು ಅಪ್ಪಣೆಯಾಗಿತ್ತು. ಆರು ದಿನ ಬೆಳಗ್ಗೆ ಹತ್ತಿದೆ. ಆರು ದಿನವೂ ಮಂಜಿಲ್ಲ. ಏಳನೆಯ ದಿನ ಸಿಕ್ಕಿತು. ಊರೆಲ್ಲ ಬೆಳ್ಳಗೆ ಮುಚ್ಚಿ, ಅಲ್ಲೊಂದು ಇಲ್ಲೊಂದು ಗೋಪುರದ ತುದಿ ಮಾತ್ರ ಕಾಣುತ್ತಿತ್ತು. ಖುಷಿಯಿಂದ ಮೂವತ್ತಾರು ಸಲ ಕ್ಲಿಕ್ಕಿಸಿದೆ. ಕ್ಯಾಮರಾದ ಲೆಕ್ಕದ ಮುಳ್ಳೂ ಮೂವತ್ತಾರು ತೋರಿಸಿತು. ತೊಳೆದು ನೋಡಿದರೆ ಫಿಲ್ಮು ಪೂರ್ತಿ ಖಾಲಿ. ಒಳಗಿನ ಹಲ್ಲುಗಾಲಿಗೆ ಫಿಲ್ಮಿನ ತುದಿ ಸಿಕ್ಕಿಯೇ ಇರಲಿಲ್ಲ. ಇನ್ನೊಂದು ಬದಿಯಲ್ಲಿ ಫಿಲ್ಮಿನ ಜೊತೆ ತಿರುಗುವ ಗುಬಟು ತಿರುಗುತ್ತಿದೆಯೇ ಎಂದು ಒಮ್ಮೆ ಕಣ್ಣು ಹಾಯಿಸಿದ್ದರೆ ಸಾಕಿತ್ತು.

ನಮ್ಮ ವಿಭಾಗದ ಮುಖ್ಯಸ್ಥರು ರಾಮಶೇಷಯ್ಯ. ಅವರ ಮುಂದೆ ತಲೆ ತಗ್ಗಿಸಿ ನಿಂತೆ. ಅವರು ಬೈಯಲಿಲ್ಲ. “ಮಂಜಿಗಾಗಿ ಮತ್ತೆ ಬೆಟ್ಟ ಹತ್ತಬೇಡಿ. ಹೋದ ವರ್ಷದ್ದು ಒಂದಿದೆ, ಅದ್ರ ಮೇಲೆ ಸ್ವಲ್ಪ ಬೆಳ್ಳಗೆ ಮಾಡಿ ಕೊಡಿ. ಯಾವನ್ರೀ ನೋಡ್ತಾನೆ?” ಎಂದರು. ಆವತ್ತು ನನಗೆ ಅವರು ದೇವರ ಹಾಗೆ ಕಂಡರು. ನನ್ನನ್ನು ಕೆಡಿಸಿದ್ದು ಅವರ ಆ ಒಳ್ಳೆಯತನ. ಆವತ್ತೇ ಕಪಾಳಕ್ಕೆ ಬಿಗಿದು ಎಂಟನೆಯ ದಿನವೂ ಬೆಟ್ಟ ಹತ್ತಿಸಿದ್ದರೆ ನಾನು ಬೇರೆ ಮನುಷ್ಯನಾಗುತ್ತಿದ್ದೆನೇನೋ.

ರಾಮಶೇಷಯ್ಯನವರಿಗೆ ಖಾಲಿ ಆಕಾಶ ಕಂಡರೆ ಆಗುತ್ತಿರಲಿಲ್ಲ. ಅವರ ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ, ಆದರೆ ಚಿತ್ರ ನೋಡಿದ ಕೂಡಲೇ, “ಏನ್ರೀ ಇದು, ಆಕಾಶ ಬೋಳುಬೋಳಾಗಿದೆ?” ಎನ್ನುತ್ತಿದ್ದರು. ಅದಕ್ಕಾಗಿ ಡಾರ್ಕ್ ರೂಮಿನಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇಟ್ಟಿದ್ದೆವು. ಅದರ ತುಂಬ ಮೋಡದ ನೆಗೆಟಿವ್‌ಗಳು. ಹತ್ತಿಯಂಥವು, ಗುಡ್ಡದಂಥವು, ಮಳೆ ಹೊತ್ತವು, ಎಲ್ಲವನ್ನೂ ಬೇರೆ ಬೇರೆ ಲಕೋಟೆಯಲ್ಲಿ ಇಟ್ಟಿದ್ದೆವು. ನೆಲದ ಭಾಗವನ್ನು ಮೊದಲು ಕಾಗದದ ಮೇಲೆ ಇಳಿಸಿ, ಆಮೇಲೆ ಅದನ್ನು ರಟ್ಟಿನಿಂದ ಮರೆಮಾಡಿ, ಮೇಲಿನ ಖಾಲಿ ಜಾಗಕ್ಕೆ ಡಬ್ಬಿಯ ಮೋಡವೊಂದನ್ನು ಇಳಿಸುವುದು. ಕೈ ಪಳಗಿದರೆ ಜೋಡಣೆ ಎಲ್ಲಿದೆ ಎಂದು ಗೊತ್ತೇ ಆಗುವುದಿಲ್ಲ. ನನ್ನ ಕೈ ಬಹಳ ಚೆನ್ನಾಗಿ ಪಳಗಿತ್ತು. ಬೇರೆ ಜಿಲ್ಲೆಯವರೂ ಬಂದು ಕಲಿತುಹೋಗುತ್ತಿದ್ದರು. ಜಂಬ ಪಟ್ಟೆ, ಸುಳ್ಳೇಕೆ ಹೇಳಲಿ.

ಸೀಗೆಕಟ್ಟೆ ನನಗೆ ಸಿಕ್ಕಿದ್ದು ಆ ದಿನಗಳಲ್ಲಿ. ಈಗಿನ ವರ್ತುಲ ರಸ್ತೆಯ ಆಚೆಗೆ, ಕೆರೆ ಎನ್ನಲು ಚಿಕ್ಕದು, ಹೊಂಡ ಎನ್ನಲು ದೊಡ್ಡದು, ಒಂದು ಕಡೆ ಮಣ್ಣಿನ ಏರಿ. ಏರಿಯ ಪಕ್ಕದ ಬಂಡೆಯ ಮೇಲೆ ಕ್ಯಾಮರಾದ ಮುಕ್ಕಾಲಿ ಊರಿದರೆ ನೀರು, ಹೊಲ, ದೂರದ ಬೆಟ್ಟ ಮೂರೂ ಒಂದೇ ಚೌಕಟ್ಟಿಗೆ ಬರುತ್ತಿದ್ದವು. ಯಾರೂ ಹೇಳದಿದ್ದರೂ ಪ್ರತಿ ತಿಂಗಳು ಅಲ್ಲಿಗೆ ಹೋಗಿ ಅದೇ ಬಂಡೆಯಿಂದ ಒಂದು ಚಿತ್ರ ತೆಗೆಯುವ ಚಟ ಹಿಡಿಯಿತು. ಹನ್ನೊಂದು ವರ್ಷ ತೆಗೆದೆ. ನೀರು ಏರುವುದು, ನಿಲ್ಲುವುದು, ಇಳಿಯುವುದು, ಮಾರ್ಚಿನಲ್ಲಿ ನೆಲ ಬಿರುಕು ಬಿಡುವುದು, ಎಲ್ಲ ಅದರಲ್ಲಿತ್ತು. ನನ್ನ ಇಡೀ ನೌಕರಿಯಲ್ಲಿ ನಾನು ಮಾಡಿದ ಮರ್ಯಾದಸ್ಥ ಕೆಲಸ ಅದೊಂದೇ.

ಏರಿಯ ಕೆಳಗೆ ಚಿಕ್ಕತಾಯಮ್ಮ ಎಂಬಾಕೆಯ ಸೊಪ್ಪಿನ ಮಡಿಗಳಿದ್ದವು. ಕಟ್ಟೆಯಿಂದ ಜಿನುಗುವ ನೀರಿನಲ್ಲೇ ದಂಟು, ಕೊತ್ತಂಬರಿ, ಮೆಂತ್ಯ ಬೆಳೆದು ಬುಟ್ಟಿಯಲ್ಲಿ ಹೊತ್ತು ನಮ್ಮ ಕುವೆಂಪುನಗರದ ಬೀದಿಗಳಲ್ಲಿ ಮಾರುತ್ತಿದ್ದರು. ನನ್ನನ್ನು ಕಂಡರೆ ನಗು. “ಏನಣ್ಣಯ್ಯ, ಇದೇ ನೀರ ಅದೆಷ್ಟು ಸಲ ತೆಗೀತೀರ? ಮದ್ವೆ ಗಿದ್ವೆ ಮಾಡ್ಸೀರಾ ಇದ್ಕೆ?” ಎನ್ನುತ್ತಿದ್ದರು.

ಒಂದು ಕಾರ್ತಿಕದಲ್ಲಿ ಕಟ್ಟೆ ಬಂಡೆಯ ಬುಡದವರೆಗೆ ತುಂಬಿತ್ತು. ಗಾಳಿ ಇಲ್ಲ. ನೀರು ಕನ್ನಡಿ. ಆಕಾಶದಲ್ಲಿ ಒಂದು ಚೂರೂ ಮೋಡವಿಲ್ಲ. ಆ ಚಿತ್ರವನ್ನು ರಾಮಶೇಷಯ್ಯನವರು ಇಲಾಖೆಯ ಮಡಿಕೆ ಪತ್ರಕ್ಕೆ ಆರಿಸಿದರು, ಎಂದಿನಂತೆ ಮೋಡ ಕೇಳಿದರು. ಡಾರ್ಕ್ ರೂಮಿನಲ್ಲಿ ನನಗಿಂತ ಹಿರಿಯರಾದ ಗೌಸ್ ಸಾಹೇಬರಿದ್ದರು. ಉದಯಗಿರಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು, ನನಗೆ ಪ್ರಿಂಟ್ ಹಾಕುವುದನ್ನು ಕಲಿಸಿದವರೇ ಅವರು. ನಾನು ಡಬ್ಬಿ ತೆರೆದಾಗ ಕೈ ಹಿಡಿದರು.

“ಇದಕ್ಕೆ ಬೇಡ ಕಣಪ್ಪ. ಮೇಲೆ ಮೋಡ ಇದ್ರೆ ನೀರಲ್ಲೂ ಕಾಣಬೇಕಲ್ಲ? ನೀರಲ್ಲಿ ಖಾಲಿ ಆಕಾಶ ಇದೆ. ನೀರಿನ ಹತ್ರ ಸುಳ್ಳು ನಡೆಯೋದಿಲ್ಲ.”

“ಯಾವನು ಸಾಹೇಬ್ರೇ ಅಷ್ಟೆಲ್ಲ ನೋಡ್ತಾನೆ?” ಎಂದೆ. ರಾಮಶೇಷಯ್ಯನವರ ಮಾತು ನನ್ನ ಬಾಯಲ್ಲಿ ಅದಾಗಲೇ ಮನೆ ಮಾಡಿಕೊಂಡಿತ್ತು. ಡಬ್ಬಿಯಿಂದ ಗುಡ್ಡದಂಥ ಮೋಡವೊಂದನ್ನು ತೆಗೆದು ಕೂರಿಸಿದೆ. ಅದೇ ಮಡಿಕೆ ಪತ್ರದಲ್ಲಿ ಎರಡು ಪುಟದ ಆಚೆಗೆ ಬೆಟ್ಟದ ಚಿತ್ರವೂ ಇತ್ತು. ಅದಕ್ಕೂ ಅದೇ ಮೋಡವನ್ನು, ಎಡಬಲ ತಿರುಗಿಸಿ, ಕೂರಿಸಿದೆ. ಬೇರೆ ಲಕೋಟೆ ತೆರೆಯಲು ಸೋಮಾರಿತನ, ಅಷ್ಟೇ.

ಆಮೇಲೆ ಡಿಜಿಟಲ್ ಬಂತು. ಅದರ ಮೇಲೆ ನನಗೆ ಸಿಟ್ಟಿಲ್ಲ. ಮಳೆಯಲ್ಲಿ ಫಿಲ್ಮು ಬದಲಿಸುತ್ತ ಟವೆಲ್ಲಿನೊಳಗೆ ತಲೆ ಹಾಕಿ ಕೂತವನಿಗೆ ಅದು ವರವೇ. ಸಿಟ್ಟಿರುವುದು ಅದರ ಜೊತೆಗೆ ಬಂದ ಹೊಸ ಮುಖ್ಯಸ್ಥರ ಮೇಲೆ. ಬಂದ ಮೂರನೆಯ ತಿಂಗಳಿಗೆ ನೆಗೆಟಿವ್ ಬೀರುಗಳ ಮುಂದೆ ನಿಂತು ಮೂಗು ಮುಚ್ಚಿಕೊಂಡರು. “ಹುಳಿ ವಾಸನೆ ಬರ್ತಿದೆಯಲ್ರೀ. ಇವೆಲ್ಲ ಯಾಕೆ? ಒಳ್ಳೊಳ್ಳೆ ಪ್ರಿಂಟ್ ಇಟ್ಕೊಂಡು ಮಿಕ್ಕಿದ್ದು ಖಾಲಿ ಮಾಡಿ. ಕಂಪ್ಯೂಟರ್ ರೂಮ್ ಬರ್ಬೇಕು ಇಲ್ಲಿ.”

ಖಾಲಿ ಮಾಡಿದೆವು. ಎರಡು ಲಾರಿ ಹೋಯಿತು. ಯಾವುದು ಇರಲಿ, ಯಾವುದು ಹೋಗಲಿ ಎಂದು ಪಟ್ಟಿ ಮಾಡಿ ಕೆಳಗೆ ಸಹಿ ಹಾಕಿದವನು ನಾನೇ. ಅಧಿಕಾರಿ ಹೇಳಿದರು, ನಾನೇನು ಮಾಡಲಿ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಹಸಿ ಸುಳ್ಳು. ಸೀಗೆಕಟ್ಟೆಯ ಹನ್ನೊಂದು ವರ್ಷದ ಲಕೋಟೆ ನನ್ನ ಕೈಯಲ್ಲಿತ್ತು. ಬಿಚ್ಚಿ ನೋಡಿದೆ. ಒಂದೇ ಬಂಡೆ, ಒಂದೇ ಏರಿ, ಬೋಳು ಆಕಾಶ. ಮೋಡ ಕೂರಿಸಿದ ಆ ಒಂದು ಪ್ರಿಂಟ್ ಚೆನ್ನಾಗಿದೆ ಎಂದು ಅದನ್ನು ಇಟ್ಟುಕೊಂಡು ಉಳಿದದ್ದನ್ನೆಲ್ಲ ಲಾರಿಗೆ ಹಾಕಿಸಿದೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

ನಿವೃತ್ತನಾಗಿ ನಾಲ್ಕನೆಯ ವರ್ಷ ಚಿಕ್ಕತಾಯಮ್ಮ ಬುಟ್ಟಿಯಿಲ್ಲದೆ ನಮ್ಮ ಮನೆಗೆ ಬಂದರು. ಜೊತೆಗೆ ಕಟ್ಟೆಯ ಕೆಳಗಿನ ನಾಲ್ಕೈದು ಮನೆಯವರು. ಕಟ್ಟೆಯ ಜಾಗದಲ್ಲಿ ನಿವೇಶನ ಮಾಡಲು ಯಾರೋ ಅರ್ಜಿ ಹಾಕಿದ್ದರು. ಹಳೆಯ ನಕ್ಷೆಯಲ್ಲಿ ಅದನ್ನು ಕಟ್ಟೆ ಎಂದು ಬರೆದಿರಲಿಲ್ಲ, ಬರೀ ತಗ್ಗು ಎಂದಿತ್ತು. ಅಲ್ಲಿ ನೀರು ನಿಲ್ಲುತ್ತಿತ್ತೇ ಇಲ್ಲವೇ ಎಂದು ಒಬ್ಬ ಅಧಿಕಾರಿ ವಿಚಾರಣೆ ನಡೆಸುತ್ತಿದ್ದರು. ನಾಲ್ಕು ವರ್ಷದ ಹಿಂದೆಯೇ ಯಾರೋ ಮೇಲಿನ ಕಾಲುವೆಗೆ ಮಣ್ಣು ಸುರಿದು ನೀರು ಬರುವುದನ್ನು ನಿಲ್ಲಿಸಿದ್ದರಿಂದ ಮಳೆ ಬಿದ್ದಾಗ ಏರಿಯ ಬುಡದಲ್ಲಿ ಜಿನುಗುವಷ್ಟು ಬಿಟ್ಟರೆ ಈಗ ತೋರಿಸಲು ನೀರೂ ಇರಲಿಲ್ಲ.

“ನಾವು ಏಳಿದ್ದು ಬಾಯ್ಮಾತಂತೆ, ಅಣ್ಣಯ್ಯ. ಅವರು ಫೋಟೋ ಕೊಟ್ಟವ್ರೆ. ನೆಲ ಒಡ್ದು ಬಾಯಿ ಬಿಟ್ಟಿರೋದು. ನೀವು ತಿಂಗ್ಳು ತಿಂಗ್ಳೂ ತೆಗೀತಿದ್ರಲ್ಲ, ನಿಮ್ಮತ್ರ ಇರ್ತದೆ ಅಂತ ಬಂದ್ಬುಟ್ಟೊ. ಕಟ್ಟೆ ಓದ್ರೆ ನನ್ ಮಡೀಗೆ ನೀರೆಲ್ಲಿಂದ ತರ್ಲಿ?”

ಲಾರಿಗೆ ಹಾಕಿಸಿದ ಲಕೋಟೆ ನೆನಪಾಯಿತು. ಆದರೂ ಆ ಒಂದು ಪ್ರಿಂಟ್ ಇತ್ತಲ್ಲ. ತುಂಬಿದ ಕಟ್ಟೆ, ಇಲಾಖೆಯೇ ಅಚ್ಚು ಹಾಕಿಸಿದ್ದು. “ಯೋಚನೆ ಮಾಡ್ಬೇಡಿ, ನಾನೇ ಬಂದು ಹೇಳ್ತೀನಿ” ಎಂದುಬಿಟ್ಟೆ.

ವಿಚಾರಣೆಯ ಕೋಣೆ ಚಿಕ್ಕದು. ಒಂದು ಮೇಜು, ಅದರ ಹಿಂದೆ ಅಧಿಕಾರಿ, ಪಕ್ಕದಲ್ಲಿ ಅರ್ಜಿದಾರರ ವಕೀಲ, ಎದುರಿಗೆ ನಾವು. ಆ ಬಿರುಕು ನೆಲದ ಫೋಟೋಗಳನ್ನು ಮೊದಲು ನೋಡಿದೆ. ಬಣ್ಣ ಚೆನ್ನಾಗಿತ್ತು, ಚೌಕಟ್ಟು ಚೆನ್ನಾಗಿತ್ತು, ನಿಮ್ಮಂಥ ಯಾವನೋ ಕೈ ಪಳಗಿದವನೇ ತೆಗೆದಿದ್ದ. ಯಾವ ತಿಂಗಳು ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ಬೇಸಗೆಯಲ್ಲಿ ಬಿರುಕು ಬಿಡದ ಕಟ್ಟೆ ಈ ಸೀಮೆಯಲ್ಲಿ ಎಲ್ಲಿದೆ? ಹೆಸರಿಲ್ಲದ ಆ ಫೋಟೋಗ್ರಾಫರನನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದು, ನನ್ನ ಪ್ರಿಂಟನ್ನೂ ಮಡಿಕೆ ಪತ್ರವನ್ನೂ ಮೇಜಿನ ಮೇಲಿಟ್ಟೆ. ಅಧಿಕಾರಿ ಕನ್ನಡಕ ಏರಿಸಿ ನೋಡಿದರು. ಮುಖ ಅರಳಿತು. ಚಿಕ್ಕತಾಯಮ್ಮ ನನ್ನ ಕಡೆ ನೋಡಿ ತಲೆ ಆಡಿಸಿದರು.

ವಕೀಲ ಅವಸರ ಮಾಡಲಿಲ್ಲ. ಮಡಿಕೆ ಪತ್ರವನ್ನು ಬಿಡಿಸಿ, ಕಟ್ಟೆಯ ಪುಟ ನೋಡಿದ, ಬೆಟ್ಟದ ಪುಟ ನೋಡಿದ, ಮತ್ತೆ ಕಟ್ಟೆಯ ಪುಟಕ್ಕೆ ಬಂದ. ಆಮೇಲೆ ಎರಡನ್ನೂ ಅಧಿಕಾರಿಯ ಮುಂದೆ ಹರವಿದ.

“ಸಾರ್, ಈ ಮೋಡ ನೋಡಿ. ಆ ಮೋಡ ನೋಡಿ. ತಿರುಗಿಸಿ ಹಾಕಿದ್ದಾರೆ ಅಷ್ಟೇ. ಒಂದೇ ಮೋಡ ಎರಡು ಊರಲ್ಲಿ ಹೇಗೆ ಸಾರ್ ಇರುತ್ತೆ?”

ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ಅಧಿಕಾರಿ ನನ್ನನ್ನು ನೋಡಿದರು. “ಏನ್ರೀ ಇದು? ಹೌದಾ?”

“ಹೌದು ಸಾರ್. ಮೋಡ ನಾನು ಕೂರಿಸಿದ್ದು. ಆಗ ಹಾಗೆ ಮಾಡ್ತಿದ್ವಿ. ಆದರೆ ನೀರು ನಿಜ ಸಾರ್. ಮೋಡ ಸುಳ್ಳು, ನೀರು ನಿಜ.” ಗೌಸ್ ಸಾಹೇಬರ ಮಾತನ್ನೇ ಹಿಡಿದುಕೊಂಡೆ. “ನೀರಲ್ಲಿ ನೋಡಿ, ಮೋಡದ ನೆರಳೇ ಇಲ್ಲ. ಅಂದ್ರೆ ನೀರು ಅಲ್ಲಿ ನಿಜವಾಗಿ ಇತ್ತು, ಖಾಲಿ ಆಕಾಶದ ಕೆಳಗೆ ಇತ್ತು.”

“ಅಥವಾ,” ಎಂದ ವಕೀಲ, “ನೀರನ್ನೂ ಇವರೇ ತಂದು ಹಾಕಿರಬಹುದು. ಹಾಗಾದ್ರೂ ಮೇಲಿನ ಮೋಡಕ್ಕೂ ಕೆಳಗಿನ ನೀರಿಗೂ ಹೊಂದಾಣಿಕೆ ಆಗೋದಿಲ್ಲ, ಅಲ್ವಾ ಸಾರ್?”

ನಾನು ಕೂಗಾಡಿದೆ. ಮೂವತ್ತೆರಡು ವರ್ಷದ ನೌಕರಿ, ಹನ್ನೊಂದು ವರ್ಷದ ನೆಗೆಟಿವ್, ದೇವರ ಆಣೆ, ಏನೇನೋ ಹೇಳಿದೆ. ಅಧಿಕಾರಿ ಕೆಟ್ಟವರಲ್ಲ. ಕೈ ಎತ್ತಿ ಸುಮ್ಮನಾಗಿಸಿ, “ನೆಗೆಟಿವ್ ತನ್ನಿ, ನೋಡ್ತೀನಿ” ಎಂದರು.

“ಇಲ್ಲ ಸಾರ್.”

“ಎಲ್ಲಿ ಹೋಯ್ತು?”

“ಹಾಳು ಅಂತ ಹೊರಗೆ ಹಾಕಿದ್ವಿ.”

“ಯಾರು?”

ನನ್ನ ಸಹಿಯ ಕಥೆಯನ್ನು ನಾನೇ ಹೇಳಿದೆ. ಅವರು ನಕ್ಕಿದ್ದರೆ ಅಥವಾ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಸುಮ್ಮನೆ ನನ್ನ ಪ್ರಿಂಟನ್ನು ನನ್ನ ಕಡೆಗೆ ಸರಿಸಿದರು. ಮೂರು ವಾರದ ಮೇಲೆ ಆದೇಶ ಬಂತು. ಅಲ್ಲಿ ನೀರು ನಿಲ್ಲುತ್ತಿತ್ತೆಂಬುದಕ್ಕೆ ನಂಬಬಹುದಾದ ಯಾವ ಸಾಕ್ಷಿಯೂ ಇಲ್ಲ ಎಂದಿತ್ತು.

ಮೇಲ್ಮನವಿ ಹಾಕಲು ಓಡಾಡಿದೆ. ಹಳೆಯ ಸಹೋದ್ಯೋಗಿಗಳ ಮನೆ ಮನೆ ತಿರುಗಿದೆ. ಕುಂಬಾರಕೊಪ್ಪಲಿನಲ್ಲಿದ್ದ ಒಬ್ಬರ ಅಟ್ಟದ ಮೇಲೆ ಇಲಾಖೆಯ ಹಳೆಯ ಪ್ರಿಂಟುಗಳಿವೆ ಎಂದು ಕೇಳಿ ಹೋಗಿ ದಿನವಿಡೀ ಕೆದಕಿದೆ. ಸೀಗೆಕಟ್ಟೆಯದು ಒಂದೂ ಸಿಗಲಿಲ್ಲ. ಅಷ್ಟರಲ್ಲಿ ಏರಿಯನ್ನು ಒಡೆದರು, ಜೆಸಿಬಿ ಮಣ್ಣು ತಂದು ತಗ್ಗಿಗೆ ತುಂಬಿತು. ಆ ಕೆಲಸ ಮುಗಿಯುವ ಹೊತ್ತಿಗೆ ಒಮ್ಮೆ ಸ್ಕೂಟರಿನಲ್ಲಿ ಹೋದೆ. ಚಿಕ್ಕತಾಯಮ್ಮ ತಮ್ಮ ಮಡಿಗಳ ಹತ್ತಿರ ನಿಂತಿದ್ದರು. ಮಣ್ಣು ಒಣಗಿ ಬೂದಿಯಾಗಿತ್ತು, ಕೊತ್ತಂಬರಿಯ ಕಡ್ಡಿಗಳು ಮಾತ್ರ ನಿಂತಿದ್ದವು. ಬೈಯುತ್ತಾರೆ ಎಂದು ಕಾದೆ. ಬೈಯಲಿ ಎಂದೇ ಹೋಗಿದ್ದೆ.

“ಅವತ್ತು ಆ ಫೋಟೋ ತೆಗ್ದಾಗ ಆಕಾಶ ಎಂಗಿತ್ತಣ್ಣಯ್ಯ?” ಎಂದು ಕೇಳಿದರು.

“ಖಾಲಿ ಇತ್ತು ಚಿಕ್ಕತಾಯಮ್ಮ. ಕಟ್ಟೆ ತುಂಬಿತ್ತು, ಆಕಾಶದಲ್ಲಿ ಏನೂ ಇರಲಿಲ್ಲ.”

ಅವರು ಜೆಸಿಬಿ ಓಡಾಡುತ್ತಿದ್ದ ಕಡೆಗೆ ನೋಡಿದರು.

“ಅಷ್ಟೇ ಸಾಕಾಗಿತ್ತಲ್ಲ, ಅಣ್ಣಯ್ಯ” ಎಂದರು.